ಆರು ನಟ್‌ಗಳಲ್ಲಿ ಉಳಿದದ್ದು ಒಂದು

ಇದು ನಡೆದದ್ದು 2018ರ ನವೆಂಬರಿನಲ್ಲಿ. ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ, ಸ್ಟ್ರೀಟ್ಸ್‌ವಿಲ್‌ಗೆ ಹತ್ತಿರವಾಗಿ ನಮ್ಮ ಮನೆ. ಇಲ್ಲಿನ ಕನ್ನಡದವರ ಸಮಾರಂಭಗಳಿಗೆ ದೊಡ್ಡ ಪಾತ್ರೆ, ಮಡಚುವ ಕುರ್ಚಿ, ಮೇಜು ಬಾಡಿಗೆಗೆ ಕೊಡುವುದು ನನ್ನ ಕೆಲಸ. ನಾಮಕರಣವಿರಲಿ, ಸೀಮಂತವಿರಲಿ, ಸಾಮಾನು ತುಂಬಿಕೊಂಡು ನಾನೇ ಪಿಕಪ್ ಟ್ರಕ್ ಓಡಿಸಿಕೊಂಡು ಹೋಗುತ್ತೇನೆ. ನನ್ನ ಗಂಡ ಮಹಾಂತೇಶ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಅವರಿಗೆ ಕಾರು ಓಡಿಸುವುದು ಇಷ್ಟ, ಟ್ರಕ್ ಎಂದರೆ ದೂರ.

ಆ ಟ್ರಕ್ ಕೊಂಡ ಮೊದಲ ಚಳಿಗಾಲವನ್ನು ನಾನು ಅದರ ಜೊತೆಗೆ ಬಂದ ಟೈರುಗಳಲ್ಲೇ ಕಳೆದಿದ್ದೆ. ಫೆಬ್ರವರಿಯಲ್ಲಿ ಒಂದು ದಿನ ಸಿಗ್ನಲ್ ಕೆಂಪಾಯಿತು, ನಾನು ಬ್ರೇಕ್ ಒತ್ತಿದೆ, ಟ್ರಕ್ ನಿಲ್ಲಲಿಲ್ಲ. ಹಿಂದೆ ಕೊಳಗಗಳು ಒಂದಕ್ಕೊಂದು ಬಡಿದುಕೊಳ್ಳುತ್ತಾ, ನಾವೆಲ್ಲ ಸೇರಿ ಮೆಲ್ಲಗೆ ಜಾರಿಕೊಂಡು ನಾಲ್ಕು ರಸ್ತೆ ಕೂಡುವ ಜಾಗದ ನಟ್ಟನಡುವೆ ಹೋಗಿ ನಿಂತೆವು. ಅದೃಷ್ಟಕ್ಕೆ ಅಡ್ಡ ಯಾವ ವಾಹನವೂ ಬರಲಿಲ್ಲ. ಮುಂದಿನ ಚಳಿಗಾಲಕ್ಕೆ ಚಳಿಗಾಲದ್ದೇ ಟೈರು, ಅದಕ್ಕೆ ಬೇರೆಯೇ ನಾಲ್ಕು ರಿಮ್ಮು ಎಂದು ಅವತ್ತೇ ನಿಶ್ಚಯಿಸಿದೆ.

"ಫೋರ್ ವೀಲ್ ಡ್ರೈವ್ ಗಾಡಿ ಅದ. ಮತ್ಯಾಕ ವಿಂಟರ್ ಟೈರು?" ಎಂದರು ನಮ್ಮವರು.

"ಅದು ಮುಂದ ಹೋಗ್ಲಿಕ್ಕೆ. ನಿಲ್ಲಲಿಕ್ಕೆ ಟೈರೇ ಬೇಕ್ರಿ" ಎಂದೆ.

ನನಗೆ ಈ ವಿಷಯದಲ್ಲಿ ಸ್ವಲ್ಪ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ. ನನ್ನ ಅಪ್ಪ ಹುಬ್ಬಳ್ಳಿಯ ಒಂದು ಲಾರಿ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿದ್ದರು. ಶಾಲೆ ಬಿಟ್ಟ ಮೇಲೆ ಅವರಿಗೆ ಚಹಾ ಕೊಡಲು ಹೋಗಿ ಅಲ್ಲೇ ಕೂತಿರುತ್ತಿದ್ದೆ. ಸ್ಟೆಪ್ನಿ ಬದಲಿಸುವುದು, ಟೈರಿನ ಸವೆತ ನೋಡಿ ಗಾಡಿಯ ತೊಂದರೆ ಹೇಳುವುದು, ಇದೆಲ್ಲ ನನಗೆ ಅಡುಗೆಗಿಂತ ಮೊದಲು ಬಂತು.

ಮನೆಯಿಂದ ಹತ್ತು ನಿಮಿಷದ ದೂರದಲ್ಲಿ, ಗೋದಾಮುಗಳ ಸಾಲಿನ ಹಿಂದೆ ಒಂದು ಟೈರ್ ಅಂಗಡಿಯಿದೆ. ಮಾಲೀಕರು ಬಿಳಿ ಗಡ್ಡದ ಸರ್ದಾರ್‌ಜಿ. ಶನಿವಾರ ಬೆಳಿಗ್ಗೆ ಗಂಡನನ್ನೂ ಕರೆದುಕೊಂಡು ಹೋದೆ. ಪ್ರಶ್ನೆ ಕೇಳಿದವಳು ನಾನು, ಸರ್ದಾರ್‌ಜಿ ಉತ್ತರ ಹೇಳಿದ್ದು ನಮ್ಮವರಿಗೆ. ಗೋಡೆಗೆ ತೂಗುಹಾಕಿದ್ದ ಫಳಫಳ ಹೊಳೆಯುವ ಇಪ್ಪತ್ತು ಇಂಚಿನ ಅಲಾಯ್ ವೀಲುಗಳ ಮುಂದೆ ಅವರನ್ನು ನಿಲ್ಲಿಸಿ, "ನಿಮ್ಮ ಟ್ರಕ್‌ಗೆ ಇದೇ ಶೋಭೆ, ಭಾಯಿಸಾಬ್" ಎಂದು ಹಿಂದಿಯಲ್ಲಿ ಹೇಳಿದರು. ನಮ್ಮವರು ಆಗಲೇ ತಲೆಯಾಡಿಸುತ್ತಿದ್ದರು.

ನಾನು ಹೊರಗೆ ಹೋಗಿ ಟ್ರಕ್ಕಿನ ಡ್ರೈವರ್ ಬಾಗಿಲು ತೆರೆದೆ. ಬಾಗಿಲ ಪಕ್ಕದ ಕಂಬಕ್ಕೆ ಕಂಪನಿಯವರೇ ಟೈರಿನ ಅಳತೆ, ಗಾಳಿ, ಹೊರಬಲ್ಲ ಭಾರ ಬರೆದು ಒಂದು ಚೀಟಿ ಅಂಟಿಸಿರುತ್ತಾರೆ. ಅದರ ಫೋಟೊ ತೆಗೆದು ತಂದು ಸರ್ದಾರ್‌ಜಿಯ ಮುಂದೆ ಹಿಡಿದೆ. ಹದಿನೇಳು ಇಂಚಿನ ಕಬ್ಬಿಣದ ರಿಮ್ ಬೇಕು, ಟೈರು ಈಗಿನದಕ್ಕಿಂತ ಅಗಲ ಕಡಿಮೆ ಇರಬೇಕು ಎಂದೆ. ಅಗಲದ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಹಿಮವನ್ನು ಸೀಳಿ ಕೆಳಗಿನ ರಸ್ತೆ ಹಿಡಿಯುತ್ತದೆ. ಹೊಂಡಕ್ಕೆ ಬಿದ್ದರೂ ರಿಮ್ಮಿನ ಸುತ್ತ ರಬ್ಬರ್ ಹೆಚ್ಚಿದ್ದರೆ ಪೆಟ್ಟು ಕಡಿಮೆ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಾಗಿ ಹಾಳಾಗುವ ರಿಮ್ಮಿಗೆ ಹೊಳಪು ಯಾಕೆ. ಟೈರಿನ ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹೂವಿರುವ ಗುರುತು, ಅಂದರೆ ನಿಜವಾದ ಚಳಿಗಾಲದ ಟೈರೆಂಬ ಮುದ್ರೆ, ಇರಲೇಬೇಕು. ಕಾರಿನ ಟೈರು ಬೇಡ, ಭಾರ ಹೊರುವ ಟ್ರಕ್ ಟೈರು ಬೇಕು, ಏಕೆಂದರೆ ನಾನು ಹೊರುವುದು ಕುರ್ಚಿ ಮತ್ತು ಕೊಳಗ.

ಸರ್ದಾರ್‌ಜಿ ಮೊದಲ ಸಲ ನನ್ನ ಕಡೆ ತಿರುಗಿದರು. "ಹದಿನೇಳು ಇಂಚು ಬ್ರೇಕಿಗೆ ತಾಗಬಹುದು, ಬೆಹೆನ್‌ಜೀ."

"ಮುಂದಿನ ಚಕ್ರಕ್ಕೆ ಒಂದು ಹಾಕಿ ತಿರುಗಿಸಿ ನೋಡಿ. ತಾಗಿದರೆ ನೀವು ಹೇಳಿದ್ದು ತಗೊಳ್ತೀನಿ" ಎಂದೆ.

ಹಾಕಿ ನೋಡಿದರು. ಎಲ್ಲೂ ತಾಗದೆ ಸಲೀಸಾಗಿ ತಿರುಗಿತು. ಅವರು ನಕ್ಕುಬಿಟ್ಟರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರು. ಹುಬ್ಬಳ್ಳಿಯಲ್ಲಿ ಎಂದೆ. ಅದೆಲ್ಲಿದೆ ಎಂದು ಅವರು ಕೇಳಲಿಲ್ಲ, ದೊಡ್ಡ ಕಾಲೇಜೇ ಇರಬೇಕು ಅಂದುಕೊಂಡರೋ ಏನೋ.

ನಾಲ್ಕೂ ಕರಿ ಚಕ್ರ ಹಾಕಿಸಿಕೊಂಡು ನಿಂತ ಟ್ರಕ್ಕನ್ನು ನಮ್ಮವರು ಒಂದು ಸುತ್ತು ಹಾಕಿ ನೋಡಿ, "ನಾಕ್ ತವಾ ಕಟ್ಟಿದಂಗ ಕಾಣ್ತದಲ್ಲೇ" ಎಂದರು. ನನಗೆ ಅದರಷ್ಟು ಚಂದ ಬೇರೆ ಕಾಣಲಿಲ್ಲ.

ಹೊರಡುವಾಗ ಸರ್ದಾರ್‌ಜಿ ಬಿಲ್ಲಿನ ಕೆಳಗೆ ಅಚ್ಚಾಗಿದ್ದ ಒಂದು ಸಾಲನ್ನು ಪೆನ್ನಿನಿಂದ ಸುತ್ತು ಹಾಕಿ ತೋರಿಸಿದರು. ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿಸಬೇಕು. ಹೊಸ ರಿಮ್, ಮೇಲಿನ ಬಣ್ಣ ಅದುಮಿಕೊಂಡು ನಟ್ ಸಡಿಲವಾಗುತ್ತದೆ, ಬನ್ನಿ, ಐದು ನಿಮಿಷದ ಕೆಲಸ ಎಂದರು. ಬಾಯಲ್ಲೂ ಎರಡು ಸಲ ಹೇಳಿದರು.

"ನನಗೆ ಗೊತ್ತಿದೆ. ನಾನೇ ಮನೆಯಲ್ಲಿ ಮಾಡಿಕೊಳ್ತೀನಿ" ಎಂದು ಬಿಲ್ಲು ಮಡಚಿ ಪರ್ಸಿಗೆ ಹಾಕಿಕೊಂಡೆ.

ಭಾನುವಾರ ಸ್ಕಾರ್ಬರೋಗೆ ಹೋಗಿಬಂದೆ, ಅಷ್ಟರಲ್ಲೇ ನೂರು ಕಿಲೋಮೀಟರ್ ದಾಟಿತ್ತು. ಸೋಮವಾರ ಮಾಡೋಣ ಅಂದುಕೊಂಡೆ, ಮಳೆ ಬಂತು. ಮಂಗಳವಾರ ಓಕ್‌ವಿಲ್‌ನಿಂದ ಕುರ್ಚಿ ವಾಪಸ್ ತರಬೇಕಿತ್ತು. ಟ್ರಕ್ ಚೆನ್ನಾಗಿಯೇ ಓಡುತ್ತಿತ್ತು. ನಟ್ ಬಿಗಿಮಾಡುವ ವೀಲ್ ಪಾನಾ ಸೀಟಿನ ಹಿಂದೆಯೇ ಇತ್ತು. ಕೈಗೆ ಸಿಗುವ ಹಾಗಿದ್ದುದರಿಂದಲೇ ನಾಳೆ, ನಾಳೆ ಎಂದು ತಳ್ಳುತ್ತಾ ಹೋದೆ.

ಶನಿವಾರ ಯೂನಿಯನ್‌ವಿಲ್‌ನಲ್ಲಿ ಮೈಸೂರಿನ ಒಂದು ಕುಟುಂಬದವರ ಮನೆಯಲ್ಲಿ ಸೀಮಂತ. ಪಾತ್ರೆ, ಕುರ್ಚಿ ನನ್ನವು, ಅಡುಗೆ ಸರೋಜಮ್ಮನವರದು. ಸರೋಜಮ್ಮ ಬ್ರಾಂಪ್ಟನ್‌ನಲ್ಲಿರುತ್ತಾರೆ, ಅರವತ್ತು ದಾಟಿದವರು, ಅವರೂ ಮೈಸೂರಿನ ಕಡೆಯವರೇ. ಅವರ ಬಿಸಿಬೇಳೆಬಾತ್ ಇಲ್ಲದೆ ನಮ್ಮ ಕಡೆ ಸಮಾರಂಭ ನಡೆಯುವುದು ಕಡಿಮೆ. ಅವರನ್ನು ಮನೆಯಿಂದ ಹತ್ತಿಸಿಕೊಂಡಾಗ ಬೆಳಿಗ್ಗೆ ಏಳೂವರೆ. ಆ ವರ್ಷದ ಮೊದಲ ಜೋರು ಹಿಮ ಆಗಷ್ಟೇ ಶುರುವಾಗಿತ್ತು.

"ಇಂಥ ಹಿಮದಲ್ಲಿ ಹೋಗಬಹುದಾ ಶಶಿ?" ಎಂದು ಅವರು ಬೆಲ್ಟ್ ಹಾಕಿಕೊಳ್ಳುತ್ತಾ ಕೇಳಿದರು.

ನಾನು ಕಾಯುತ್ತಿದ್ದುದೇ ಆ ಪ್ರಶ್ನೆಗೆ. ಖಾಲಿ ರಸ್ತೆಯೊಂದರಲ್ಲಿ ಬೇಕೆಂದೇ ಬ್ರೇಕ್ ಒತ್ತಿ ತೋರಿಸಿದೆ. ಟ್ರಕ್ ಒಂದಿಷ್ಟೂ ಜಾರದೆ ನಿಂತಿತು. ಅಲ್ಲಿಂದ ನನ್ನ ಪಾಠ ಶುರುವಾಯಿತು. ಹದಿನೇಳು ಇಂಚು ಯಾಕೆ, ಕಬ್ಬಿಣ ಯಾಕೆ, ಚಳಿಗಾಲದ ಟೈರಿನ ರಬ್ಬರ್ ಯಾಕೆ ಮೆತ್ತಗಿರುತ್ತದೆ, ಸರ್ದಾರ್‌ಜಿ ಹೇಗೆ ಬೆಪ್ಪಾದರು, ಎಲ್ಲ ಹೇಳಿದೆ. ಸರೋಜಮ್ಮ ಮಡಿಲಲ್ಲಿ ಒಗ್ಗರಣೆ ಸಾಮಾನಿನ ಚೀಲ ಇಟ್ಟುಕೊಂಡು ಹೂಂ, ಹೂಂ ಎನ್ನುತ್ತಾ ಕೇಳಿದರು. ಒಮ್ಮೆ ನನ್ನ ಕಡೆ ತಿರುಗಿದರು, ಮತ್ತೆ ಕಿಟಕಿಯ ಕಡೆ ನೋಡುತ್ತಾ ಕೂತರು.

407 ಹೈವೇ ಹತ್ತಿ ಸುಮಾರು ಹೊತ್ತು ಓಡಿದ್ದೆವು. ಥಾರ್ನ್‌ಹಿಲ್ ಹತ್ತಿರ ಬಂದಾಗ ಹಿಂದಿನಿಂದ ದಡದಡ ಶಬ್ದ ಕೇಳಿಸಿತು. ಮೊದಲು ಕೊಳಗದ ಮುಚ್ಚಳ ಅಂದುಕೊಂಡೆ. ವೇಗ ಇಳಿಸಿದೆ. ಶಬ್ದವೂ ನಿಧಾನವಾಯಿತು. ಮುಚ್ಚಳವಾಗಿದ್ದರೆ ಅದು ವೇಗಕ್ಕೆ ತಾಳ ಹಾಕುತ್ತಿರಲಿಲ್ಲ. ಇದು ಚಕ್ರದ ಶಬ್ದ. ಇಡೀ ಟ್ರಕ್ಕಿನ ಹಿಂಭಾಗ ಸೊಂಟ ಕುಣಿಸಿದಂತೆ ಅತ್ತಿತ್ತ ಆಡತೊಡಗಿತು.

ನನ್ನ ಎಡಗಡೆಯ ಸಾಲಿನಲ್ಲಿ ಒಂದು ಚಿಕ್ಕ ಕಾರು ಬರುತ್ತಿತ್ತು. ಅದರ ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ, ಅದರೊಳಗೆ ಕೆಂಪು ಟೋಪಿ. ಟ್ರಕ್ಕಿನ ಒಂದು ಚಕ್ರ ಕಳಚಿ ಉರುಳಿದರೆ ಎಂಥ ಕಾರನ್ನಾದರೂ ಜಜ್ಜಿಬಿಡುತ್ತದೆ. ಅಪ್ಪನ ಗ್ಯಾರೇಜಿನಲ್ಲಿ ಅಂಥ ಒಂದು ಕಾರನ್ನು ನಾನು ಕಣ್ಣಾರೆ ನೋಡಿದ್ದೆ. ಆದರೂ ಬ್ರೇಕ್ ಜೋರಾಗಿ ಒತ್ತಲಿಲ್ಲ, ಸ್ಟೀರಿಂಗ್ ಎಳೆಯಲಿಲ್ಲ. ಕಾಲು ತೆಗೆದು, ಅಪಾಯದ ದೀಪ ಹಾಕಿ, ಆ ಕಾರು ಮುಂದೆ ಹೋಗುವವರೆಗೆ ನೇರವಾಗಿ ಬಿಟ್ಟೆ. ಮುಂದೆಯೇ ಹೈವೇಯಿಂದ ಕೆಳಗಿಳಿಯುವ ದಾರಿ ಇತ್ತು. ಅದರೊಳಗೆ ತೆವಳಿಕೊಂಡು ಹೋಗಿ, ಬಲಗಡೆಯ ಅಂಚಿನಲ್ಲಿ ನಿಲ್ಲಿಸಿದೆ.

"ಸರೋಜಮ್ಮ, ನೀವು ಇಳೀರಿ. ಆ ತಡೆಗೋಡೆ ಆಚೆ ಹೋಗಿ ನಿಂತ್ಕೋರಿ" ಎಂದೆ. ಅವರು ಏನೂ ಕೇಳದೆ ಚೀಲದ ಸಮೇತ ಇಳಿದರು.

ಹಿಂದಿನ ಬಲಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಹಿಮ ಒರೆಸಿದೆ. ಆರು ನಟ್ ಇರಬೇಕಾದಲ್ಲಿ ಎರಡು ಇರಲೇ ಇಲ್ಲ. ಮೂರು ನಟ್‌ಗಳು ನನ್ನ ಬೆರಳಲ್ಲೇ ತಿರುಗಿದವು, ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ. ಆರನೆಯದೊಂದು ಮಾತ್ರ ಅಲುಗಾಡಲಿಲ್ಲ. ಅಷ್ಟು ಭಾರದ ಟ್ರಕ್ಕು, ಸರೋಜಮ್ಮ, ನಾನು, ಪಕ್ಕದ ಕಾರಿನ ಆ ಕೆಂಪು ಟೋಪಿ, ಎಲ್ಲರೂ ಆ ಒಂದು ನಟ್ಟಿನ ಮೇಲೆ ನಿಂತಿದ್ದೆವು. ಹಾಗೇ ಹಿಮದಲ್ಲಿ ಕೂತುಬಿಟ್ಟೆ.

ಎಷ್ಟು ಹೊತ್ತು ಕೂತಿದ್ದೆನೋ, ಹಳದಿ ದೀಪ ತಿರುಗಿಸುತ್ತಾ ಉಪ್ಪು ಹರಡುವ ದೊಡ್ಡ ಟ್ರಕ್ಕೊಂದು ಬಂದು ನಮ್ಮ ಹಿಂದೆ ಅಡ್ಡವಾಗಿ ನಿಂತಿತು. ಇನ್ನು ಬೇರೆ ವಾಹನ ಬಂದು ನಮಗೆ ಗುದ್ದುವ ಭಯವಿರಲಿಲ್ಲ. ಇಳಿದು ಬಂದವನಿಗೆ ನಲವತ್ತರ ಆಸುಪಾಸು ವಯಸ್ಸು. ಮುಖ ನೋಡಿದರೆ ನಮ್ಮ ಕಡೆಯವನ ಹಾಗೆಯೇ ಇದ್ದ.

"ಅಕ್ಕಾ, ಯೂ ಓಕೆ?" ಎಂದ.

ಆ ಒಂದು ಶಬ್ದಕ್ಕೆ ನನ್ನ ಕಣ್ಣು ತುಂಬಿತು. ಕನ್ನಡದವನೇ ಎಂದು ಕೇಳಿದೆ. ಅಲ್ಲ, ಜಾಫ್ನಾದ ತಮಿಳಿನವನು, ಹೆಸರು ಕುಮರನ್ ಎಂದು ಇಂಗ್ಲಿಷಿನಲ್ಲಿ ಹೇಳಿದ. ಚಕ್ರ ನೋಡಿ ಅವನ ಮುಖವೂ ಬಿಗಿಯಾಯಿತು. ವಾಕಿಟಾಕಿಯಲ್ಲಿ ತನ್ನ ಆಫೀಸಿಗೆ ವಿಷಯ ತಿಳಿಸಿದ. ಎಳೆದೊಯ್ಯುವ ಗಾಡಿ ಬರಲು ಎರಡು ತಾಸಾದರೂ ಬೇಕು, ಈ ಹಿಮಕ್ಕೆ ಎಲ್ಲರೂ ಸಿಕ್ಕಿಹಾಕಿಕೊಂಡಿದ್ದಾರೆ ಎಂದ.

ಅಷ್ಟು ಹೊತ್ತಿಗೆ ನನ್ನ ತಲೆ ಓಡತೊಡಗಿತ್ತು. ಮುಂದಿನ ಎರಡು ಚಕ್ರಗಳಿಂದ ಒಂದೊಂದು ನಟ್ ತೆಗೆದು ಇದಕ್ಕೆ ಹಾಕಿದರೆ ಆರಕ್ಕೆ ಆರು ತುಂಬುತ್ತವೆ, ಅಲ್ಲಿ ಐದೈದು ಉಳಿಯುತ್ತವೆ, ಒಳರಸ್ತೆಯಲ್ಲಿ ನಿಧಾನಕ್ಕೆ ಹೋಗಬಹುದು ಎಂದೆ. ಅವನು ಯೋಚಿಸಿ ತಲೆಯಾಡಿಸಿದ. ತನ್ನ ಟ್ರಕ್ಕಿನಿಂದ ದಪ್ಪನೆಯ ಹಲಗೆ ತಂದು ಕೆಸರು ಹಿಮದ ಮೇಲೆ ಹಾಕಿ ಅದರ ಮೇಲೆ ಜ್ಯಾಕ್ ಕೂರಿಸಿದ. "ನಾನು ಮಾಡಲೇ?" ಎಂದು ಒಂದೇ ಸಲ ಕೇಳಿದ. ನಾನೇ ಮಾಡುತ್ತೇನೆ ಎಂದೆ. ಪಾನಾ ನನ್ನ ಕೈಯಿಂದ ಕಸಿದುಕೊಳ್ಳದೆ, ಬರುವ ವಾಹನಗಳಿಗೆ ಕೈಬೀಸಿ ದಾರಿ ತೋರಿಸುತ್ತಾ ನಿಂತ. ಎಷ್ಟೋ ಜನ ಗಂಡಸರ ಜೊತೆ ಕೆಲಸ ಮಾಡಿದ್ದೇನೆ, ಹಾಗೆ ನಿಂತವರು ಕಡಿಮೆ.

ಚಕ್ರ ಎತ್ತಿ, ಸರಿಯಾಗಿ ಕೂರಿಸಿ, ಎದುರುಬದುರು ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ ಬಂದೆ. ಕೊನೆಗೆ ಚಕ್ರ ನೆಲಕ್ಕಿಳಿಸಿ ಮೈಭಾರವೆಲ್ಲ ಹಾಕಿ ಒತ್ತಿದೆ. ಉಳಿದ ಮೂರು ಚಕ್ರಗಳನ್ನೂ ನೋಡಿದೆ. ಮೂರರಲ್ಲೂ ಪಾನಾ ಅರ್ಧ ಸುತ್ತು ತಿರುಗಿತು. ಅಂದರೆ ಎಲ್ಲವೂ ಅದೇ ದಾರಿ ಹಿಡಿದಿದ್ದವು.

ಸರೋಜಮ್ಮ ಕುಮರನ್‌ಗೆ ಚೀಲದಿಂದ ಒಂದು ಡಬ್ಬಿ ತೆಗೆದು ನಾಲ್ಕು ಕೋಡುಬಳೆ ಕೊಟ್ಟರು. ಅವನು ಕೈಗವಸು ತೆಗೆದು ಎರಡೂ ಕೈಯಲ್ಲಿ ತೆಗೆದುಕೊಂಡ. "ಅಕ್ಕ ಒಳ್ಳೆಯ ಮೆಕ್ಯಾನಿಕ್" ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿ ಹೋದ. ನಾನು ಥ್ಯಾಂಕ್ಸ್ ಹೇಳಿದೆ. ಇಂಥದ್ದು ಯಾಕಾಯಿತು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯೂನಿಯನ್‌ವಿಲ್ ತಲುಪಿದಾಗ ಒಂದೂವರೆ ತಾಸು ತಡ. ಸರೋಜಮ್ಮ ಒಲೆ ಹಚ್ಚುವ ಮೊದಲೇ ಅಡುಗೆಮನೆಯಲ್ಲಿದ್ದವರಿಗೆಲ್ಲ ಕಥೆ ಹೇಳಿ ಮುಗಿಸಿದ್ದರು. "ನಮ್ಮ ಶಶಿ ಇಲ್ದಿದ್ರೆ ಇವತ್ತು ನೀವು ಸೀಮಂತ ಬಿಟ್ಟು ಬೇರೇನೋ ಮಾಡ್ಬೇಕಾಗ್ತಿತ್ತು" ಎಂದರು. ಹೆಂಗಸರು ನನ್ನ ಕೈ ಹಿಡಿದುಕೊಂಡರು. ಬಸುರಿ ಹುಡುಗಿ ನನಗೆ ಬಗ್ಗಿ ನಮಸ್ಕರಿಸಲು ಬಂದಳು, ತಡೆದೆ. ಊಟದ ಹೊತ್ತಿಗೆ ಯಾರೋ ಒಬ್ಬರು ತಟ್ಟೆ ಹಿಡಿದುಕೊಂಡು ಬಂದು, "ಮೇಡಂ, ನಾನೂ ಟ್ರಕ್ ತಗೊಂಡಿದೀನಿ, ಯಾವ ಟೈರ್ ಹಾಕಿಸ್ಲಿ?" ಎಂದು ಕೇಳಿದರು. ಬೆಟ್ಟದೊಳಗಿನ ಹಿಮದ ಹೂವಿನ ಗುರುತಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಸುತ್ತ ಇನ್ನೂ ನಾಲ್ಕು ಜನ ನಿಂತು ಕೇಳಿದರು. ನೂರು ಕಿಲೋಮೀಟರಿನ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ. ಅದನ್ನು ಹೇಳಿದರೆ ನಾನು ಮಾಡಿದೆನೇ ಎಂದು ಕೇಳುತ್ತಿದ್ದರಲ್ಲ. ಆ ದಿನದ ಬಿಸಿಬೇಳೆಬಾತ್ ರುಚಿ ಹೇಗಿತ್ತೋ ನನಗೆ ಗೊತ್ತಿಲ್ಲ.

ಹೊರಡುವ ಮೊದಲು ಮತ್ತೆ ನಾಲ್ಕೂ ಚಕ್ರದ ನಟ್ ನೋಡಿದೆ. ಮಧ್ಯಾಹ್ನ ಹಿಮ ನಿಂತಿತ್ತು. ಒಳರಸ್ತೆಗಳಲ್ಲೇ ನಿಧಾನವಾಗಿ ಬಂದು, ಸರೋಜಮ್ಮನವರನ್ನು ಇಳಿಸುವ ಮೊದಲು ನೇರವಾಗಿ ಟೈರ್ ಅಂಗಡಿಗೇ ಹೋದೆ. ಅವರೂ ನನ್ನ ಜೊತೆ ಇಳಿದರು. ಸರ್ದಾರ್‌ಜಿ ಟ್ರಕ್ಕನ್ನು ಮೇಲೆತ್ತಿ, ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಬೋಲ್ಟುಗಳನ್ನು ನೋಡಿದರು. ಎರಡರ ಥ್ರೆಡ್ ಉಜ್ಜಿ ಹೋಗಿತ್ತು. ರಿಮ್ಮಿನ ತೂತುಗಳು ಉದ್ದವಾಗಿದ್ದವು. ಆ ರಿಮ್ ಇನ್ನು ಉಪಯೋಗಕ್ಕಿಲ್ಲ, ಬೋಲ್ಟುಗಳನ್ನೂ ಬದಲಿಸಬೇಕು ಎಂದರು. ಆಮೇಲೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, ಹಿಂದಿಯಲ್ಲಿ, ದನಿ ಏರಿಸದೆ ಕೇಳಿದರು: "ನೂರು ಕಿಲೋಮೀಟರಿಗೆ ಬಿಗಿಮಾಡಿದಿರಾ, ಬೆಹೆನ್‌ಜೀ?"

"ಇಲ್ಲ. ಮುನ್ನೂರಕ್ಕೂ ಹೆಚ್ಚು ಓಡಿಸಿದೆ. ಮುಟ್ಟಲಿಲ್ಲ" ಎಂದೆ ಹಿಂದಿಯಲ್ಲೇ.

ಅವರು ಬೈದಿದ್ದರೆ ಚೆನ್ನಾಗಿತ್ತು. ತಲೆ ತಗ್ಗಿಸಿ, ಒಳಗಿನಿಂದ ಹೊಸ ಬೋಲ್ಟು ತರಲು ಹೋದರು.

ಸರೋಜಮ್ಮನವರಿಗೆ ಹಿಂದಿ ಬರುವುದಿಲ್ಲ. "ಏನಂದ್ರು ಶಶಿ ಅವರು? ಅವರದೇ ತಪ್ಪು ತಾನೇ? ಕೇಳಿದ್ಯಾ ಚೆನ್ನಾಗಿ?" ಎಂದರು.

ಆ ಕ್ಷಣ ನಾನು ಏನು ಹೇಳಿದ್ದರೂ ನಡೆಯುತ್ತಿತ್ತು. ಹೌದು, ಅವರೇ ಸರಿಯಾಗಿ ಬಿಗಿಮಾಡಿರಲಿಲ್ಲ ಎಂದಿದ್ದರೆ ಅದೇ ಕಥೆ ಮರುದಿನ ಊರೆಲ್ಲ ಹರಡಿ, ನನ್ನ ಹೆಸರು ಇನ್ನಷ್ಟು ದೊಡ್ಡದಾಗುತ್ತಿತ್ತು. ಬಾಯಿಯ ತುದಿಯವರೆಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಅವರ ಸೀರೆಯ ಅಂಚು ಬೆಳಗಿನ ಹಿಮದಲ್ಲಿ ತೊಯ್ದು ಇನ್ನೂ ಒದ್ದೆಯಾಗಿಯೇ ಇತ್ತು. ಅದನ್ನು ನೋಡಿದೆ.

"ಅವರದಲ್ರಿ, ನಂದು ತಪ್ಪು. ನೂರು ಕಿಲೋಮೀಟರ್ ಆದಮ್ಯಾಲ ನಟ್ ಬಿಗಿ ಮಾಡ್ಬೇಕು ಅಂತ ಇವರು ಎರಡ್ ಸಲ ಹೇಳಿದ್ರು. ನನಗ ಗೊತ್ತಿತ್ತು. ನಾ ಮಾಡ್ಲಿಲ್ಲ. ನಿಮ್ಮನ್ನ ಅಂಥಾ ಗಾಡಿಯೊಳಗ ಕೂಡಿಸ್ಕೊಂಡು ಹೋದೆ" ಎಂದೆ.

ಸರೋಜಮ್ಮ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನನ್ನನ್ನೂ ಪಕ್ಕ ಕೂರಿಸಿಕೊಂಡರು.

"ಹಾಗಾದ್ರೆ ನಂದೂ ಒಂದು ಹೇಳ್ಬೇಕು ಕಣಮ್ಮ" ಎಂದರು. "ನಮ್ಮ ಮನೆ ಬಿಟ್ಟು ಎರಡು ತಿರುವು ದಾಟೋಷ್ಟರಲ್ಲೇ ನನ್ನ ಸೀಟಿನ ಹಿಂದೆ ಕಟಕಟ ಅಂತಿತ್ತು. ಹೈವೇ ಹತ್ತಿದ ಮೇಲೆ ಬೆನ್ನಿಗೆ ಗೊತ್ತಾಗ್ತಿತ್ತು. ಕೇಳೋಣ ಅಂತ ಒಂದು ಸಲ ತಿರುಗಿದೆ. ನೀನು ಟೈರು, ರಬ್ಬರು ಅಂತ ಅಷ್ಟು ಚೆನ್ನಾಗಿ ಹೇಳ್ತಿದ್ದೆ. ಇಷ್ಟೆಲ್ಲ ತಿಳಿದೋಳಿಗೆ ಸೌಟು ಹಿಡಿಯೋ ನಾನೇನು ಹೇಳೋದು ಅಂತ ಸುಮ್ನಾದೆ."

ನನ್ನ ನೆನಪಿಗೆ ಬಂತು. ಅವರು ನನ್ನ ಕಡೆ ತಿರುಗಿದ್ದು ನಿಜ. ಇನ್ನೂ ಕೇಳಬೇಕೆಂದು ತಿರುಗಿದರು ಅಂದುಕೊಂಡು ನಾನು ಮಾತು ಮುಂದುವರಿಸಿದ್ದೆ. ಇಲ್ಲಿ ಓಡಿಸುವವರು ಎಡಕ್ಕೆ, ಪಕ್ಕದವರು ಬಲಕ್ಕೆ ಕೂರುವುದು, ಹಿಂದಿನ ಬಲಚಕ್ರ ಅವರ ಬೆನ್ನ ಹಿಂದೆಯೇ ಇತ್ತು. ನನಗಿಂತ ಮೊದಲು, ಅರ್ಧ ತಾಸು ಮೊದಲು, ಅದು ಅವರಿಗೆ ತಿಳಿದಿತ್ತು. ನನ್ನ ಮಾತಿನ ಸಂದಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ ಅಷ್ಟೆ.

ಆ ಸಂಜೆಯೇ ಸೀಮಂತದ ಮನೆಯವರಿಗೆ ಫೋನ್ ಮಾಡಿ ನಿಜ ಹೇಳಿದೆ. ಟ್ರಕ್ ಕೊಂಡವರಿಗೂ ನೂರು ಕಿಲೋಮೀಟರಿನ ಮಾತು ತಿಳಿಸಿರಿ ಎಂದೆ. ನಮ್ಮವರಿಗೆ ಹೇಳಿದಾಗ ಅವರು ಎದ್ದು ಹೋಗಿ ಟ್ರಕ್ಕಿನಿಂದ ವೀಲ್ ಪಾನಾ ತಂದು, ಹೊರಡುವಾಗ ನನ್ನ ಕಣ್ಣಿಗೆ ಬೀಳುವ ಹಾಗೆ ಬಾಗಿಲ ಪಕ್ಕ ಇಟ್ಟರು. ಕುಮರನ್‌ನನ್ನು ಮತ್ತೆ ನೋಡಿಲ್ಲ. ಉಪ್ಪಿನ ಟ್ರಕ್ ಎದುರಾದಾಗಲೆಲ್ಲ ಅದರ ಗಾಜಿನೊಳಗೆ ಇಣುಕುತ್ತೇನೆ.

ಟೈರಿನ ವಿಷಯದಲ್ಲಿ ನಾನು ಈಗಲೂ ಯಾರಿಗೂ ಬಗ್ಗುವವಳಲ್ಲ. ಹದಿನೇಳು ಇಂಚಿನ ಕರಿ ರಿಮ್ಮೇ ಸರಿ, ಯಾರು ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಪ್ರತಿ ಚಳಿಗಾಲಕ್ಕೂ ಚಕ್ರ ಬದಲಿಸಿ, ನೂರು ಕಿಲೋಮೀಟರಿಗೆ ಬಿಗಿಮಾಡಿ ಮುಗಿಸಿದ ಮೇಲೂ ಒಂದು ಅಭ್ಯಾಸ ಉಳಿದಿದೆ. ನನ್ನ ಪಕ್ಕ ಯಾರೇ ಕೂತಿರಲಿ, ಹೈವೇ ಹತ್ತುವ ಮೊದಲು, "ಏನಾರ ಸಪ್ಪಳ ಕೇಳಸ್ತದೇನ್ರಿ?" ಎಂದು ಕೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಹೆಚ್ಚಿನವರು ಏನಿಲ್ಲ ಎನ್ನುತ್ತಾರೆ. ಸರೋಜಮ್ಮ ಮಾತ್ರ ಕಣ್ಣು ಮುಚ್ಚಿ ಆಲಿಸಿ, ಇದು ಕುರ್ಚಿಯದು, ಇದು ಸೌಟಿನದು, ಇದು ನಿನ್ನ ಜಾಕೆಟ್ಟಿನ ಜಿಪ್ಪಿನದು ಎಂದು ಒಂದೊಂದಾಗಿ ಹೇಳುತ್ತಾರೆ. ಅವರು ಮುಗಿಸುವವರೆಗೂ ನಾನು ಗಾಡಿ ಮುಂದೆ ತೆಗೆಯುವುದಿಲ್ಲ.